ಇನ್ನೂರ ಹನ್ನೆರಡನೇ ಮನೆ

ತಂಗವೇಲ್ ಸಿಪಿಯುವನ್ನು ಮೇಜಿನ ಮೇಲಿಟ್ಟು, ಅದಕ್ಕೆ ಸುತ್ತಿದ್ದ ಟವಲ್ ಬಿಚ್ಚಿ ಬೆವರು ಒರೆಸಿಕೊಂಡು, ಆಮೇಲೆ ತಲೆಯೆತ್ತಿ ನೋಡಿದರು. ಎದುರಿಗೆ ಕೂತಿದ್ದವಳು ಚಿನ್ನತಂಬಿಯ ಎರಡನೇ ಮಗಳು ತಿಲಗವತಿ ಎಂದು ಅವರಿಗೆ ಗೊತ್ತಾದದ್ದೇ ಆಗ. ಎದ್ದು ಹೋಗುವಂತಿರಲಿಲ್ಲ. ಇಷ್ಟು ಹಳೆಯ ಕಂಪ್ಯೂಟರನ್ನು ಮುಟ್ಟುವವರು ಬೋಡಿನಾಯಕನೂರಿನಲ್ಲಿ ಇನ್ನು ಒಬ್ಬರೇ ಎಂದು ಮೂರು ಅಂಗಡಿಯವರು ಕೈತೋರಿಸಿ ಇಲ್ಲಿಗೆ ಕಳಿಸಿದ್ದರು.

"ಉಕ್ಕಾರುಂಗ ಸಾರ್" ಎಂದು ತಿಲಗವತಿ ಸ್ಟೂಲನ್ನು ಅವರ ಕಡೆ ತಳ್ಳಿದಳು.

ದೊಡ್ಡಪ್ಪ ಅನ್ನಬೇಕಾದ ಬಾಯಲ್ಲಿ ಸಾರ್ ಬಂತು, ಅದೂ ತಮಿಳಿನಲ್ಲಿ. ಮನೆಯೊಳಗೆ ಕನ್ನಡ ಆಡುವವರು ಎದುರುಬದುರಾದಾಗ ತಮಿಳು ಆಡಿದರೆ ಬಾಗಿಲು ಹಾಕಿಕೊಂಡ ಹಾಗೆ. ತಂಗವೇಲ್ ಅದನ್ನು ನುಂಗಿಕೊಂಡು ಕೂತರು. ಅವರಿಗೆ ಬೇರೆ ದಾರಿ ಇರಲಿಲ್ಲ.

ವಾರದಿಂದ ಕಂಪ್ಯೂಟರ್ ಜಾಗವಿಲ್ಲ, ಜಾಗವಿಲ್ಲ ಎನ್ನುತ್ತಿದೆ. ಫೈಲು ತೆರೆಯುವುದಿಲ್ಲ, ಪ್ರಿಂಟ್ ಬರುವುದಿಲ್ಲ. ತೇನಿಯಲ್ಲಿ ತೋರಿಸಿದರೆ ಎಲ್ಲ ಅಳಿಸಿ ಹೊಸದಾಗಿ ಹಾಕೋಣ ಎಂದರು. ಗಾಬರಿಯಾಗಿ ಅಲ್ಲಿಂದ ಎತ್ತಿಕೊಂಡು ಬಂದಿದ್ದರು. ಅವರ ತಾಯಿ ಲಕ್ಷ್ಮಿಯಮ್ಮಾಳಿಗೆ ತೊಂಬತ್ತಮೂರು. ನಾಲ್ಕು ದಿನದಿಂದ ಹತ್ತಿಯಲ್ಲಿ ಅದ್ದಿ ಬಿಡುವ ಹಾಲು ಬಿಟ್ಟು ಏನೂ ಇಳಿಯುತ್ತಿಲ್ಲ. ಡಾಕ್ಟರು ಮನೆಗೆ ಕರಕೊಂಡು ಹೋಗಿ ಎಂದಿದ್ದರು. ಇವತ್ತೋ ನಾಳೆಯೋ, ಅಷ್ಟರೊಳಗೆ ಮನೆಪಟ್ಟಿ ಕೈಗೆ ಸಿಗಬೇಕಿತ್ತು.

ಮನೆಪಟ್ಟಿಯೆಂದರೆ ಕಂಬಂನಿಂದ ಆಂಡಿಪಟ್ಟಿಯವರೆಗೆ ಹರಡಿರುವ ಅವರ ಜನದ ನಾನೂರು ಚಿಲ್ಲರೆ ಮನೆಗಳ ಹೆಸರು, ಊರು, ಫೋನ್ ನಂಬರು. ಯಾರೇ ಸತ್ತರೂ ಮೊದಲು ತಂಗವೇಲರ ಮನೆಗೆ ತಿಳಿಸಬೇಕು. ಅಲ್ಲಿಂದ ಪಟ್ಟಿಯ ಪ್ರಕಾರ ಒಂದನೇ ಮನೆಯಿಂದ ಕೊನೆಯ ಮನೆಯವರೆಗೆ ಸಾವಿನ ಸುದ್ದಿ, ಅವರ ಮಾತಿನಲ್ಲಿ ಸೇತಿ, ಹೋಗಬೇಕು. ಎಲ್ಲರ ಜೇಬಿನಲ್ಲೂ ಫೋನಿದ್ದರೂ ಆ ಮನೆಯಿಂದ ಸೇತಿ ಬರದೆ ಯಾರೂ ಸಾವಿನ ಮನೆಗೆ ಕಾಲಿಡುವುದಿಲ್ಲ. ಮೂರು ತಲೆಮಾರು ಬರೆದ ನೋಟುಬುಕ್ಕುಗಳಿದ್ದವು. ಮೊಮ್ಮಗಳು ಕಾರ್ತಿಕಾ ಹತ್ತು ವರ್ಷದ ಹಿಂದೆ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದಳು. ಹಿರಿಯರ ಹೆಸರಿದ್ದ ಬುಕ್ಕನ್ನು ರದ್ದಿಗೆ ಹಾಕುವುದು ಹೇಗೆ, ಒಲೆಗೆ ಹಾಕುವುದು ಹೇಗೆ? ಅರಿಶಿನ ಕುಂಕುಮ ಇಟ್ಟು ಹೊಳೆಗೆ ಪೂಜೆ ಮಾಡುವ ಆಡಿ ಹದಿನೆಂಟರಂದು ಮುಲ್ಲೈ ಹೊಳೆಯಲ್ಲಿ ಬಿಟ್ಟುಬಿಟ್ಟರು. ಬುದ್ಧಿವಂತರೆನಿಸಿಕೊಂಡವರೇ ಮಾಡಿದ ಕೆಲಸ. ಈಗ ಆ ಪಟ್ಟಿ ಇದ್ದದ್ದು ಭೂಮಿಯ ಮೇಲೆ ಈ ಒಂದು ಡಬ್ಬಿಯಲ್ಲಿ ಮಾತ್ರ.

ತಿಲಗವತಿ ಅದನ್ನೆಲ್ಲ ತಲೆಯಾಡಿಸದೆ ಕೇಳಿದಳು. ಅವಳಿಗೆ ಹೇಳಿಕೊಡಬೇಕಾದದ್ದೇನೂ ಇರಲಿಲ್ಲ. ಅಕ್ಕ ಸರಣ್ಯಾ ದಿಂಡಿಗಲ್ಲಿನಲ್ಲಿ ಬೇರೆ ಜನದ ಹುಡುಗನನ್ನು ಮೆಚ್ಚಿ ಮದುವೆಯಾದ ವಾರದಲ್ಲೇ ತಂಗವೇಲ್ ಚಿನ್ನತಂಬಿಯ ಮನೆಯನ್ನು ಪಟ್ಟಿಯಿಂದ ತೆಗೆಸಿದ್ದರು. ಅಪ್ಪ ಎರಡು ಸಲ ಅವರ ಅಂಗಳದಲ್ಲಿ ಹೋಗಿ ನಿಂತು ಬಂದ. ಎರಡು ಸಲವೂ ಕೂರು ಎಂದವರಿಲ್ಲ. ಮೂರು ವರ್ಷದ ಹಿಂದೆ ಪಂಗುನಿ ತಿಂಗಳ ಬಿಸಿಲಿನಲ್ಲಿ ಅಪ್ಪ ಸತ್ತಾಗ ತಿಲಗವತಿ ತಾನೇ ಫೋನ್ ಮಾಡಿ ತಂಗವೇಲರಿಗೆ ತಿಳಿಸಿದಳು. ಅವರು ಸರಿ ಎಂದರು. ಸೇತಿ ಒಂದು ಮನೆಗೂ ಹೋಗಲಿಲ್ಲ. ಜನ ಬರುತ್ತಾರೆ, ಬಂದೇ ಬರುತ್ತಾರೆ ಎಂದು ಅಮ್ಮ ಆಂಡಾಳ್ ಮೂರು ಗಂಟೆಯವರೆಗೂ ಹೆಣ ಎತ್ತಲು ಬಿಡಲಿಲ್ಲ. ಕೊನೆಗೆ ಹೆಗಲು ಕೊಟ್ಟವರು ಏಲಕ್ಕಿ ಮಂಡಿಯಲ್ಲಿ ಮೂಟೆ ಹೊರುವ ನಾಲ್ಕು ಜನ. ಅವರಲ್ಲಿ ಇಬ್ಬರಿಗೆ ಅಪ್ಪನ ಹೆಸರೂ ಗೊತ್ತಿರಲಿಲ್ಲ. ಆವತ್ತಿನಿಂದ ತಿಲಗವತಿಗೆ ಈ ಮನುಷ್ಯನ ಮೇಲಿದ್ದದ್ದು ಸಿಟ್ಟಲ್ಲ. ಸಿಟ್ಟು ಇಳಿಯುತ್ತದೆ. ಇವನು ಒಂದು ದಿನ ನನ್ನ ಕೈಗೆ ಸಿಗಬೇಕು ಎಂದು ಅವಳು ಕಾದಿದ್ದಳು, ನಾಚಿಕೆಯಿಲ್ಲದೆ ಕಾದಿದ್ದಳು.

ಈಗ ಸಿಕ್ಕಿದ್ದರು, ಸ್ಟೂಲಿನ ಮೇಲೆ.

ಕಂಪ್ಯೂಟರ್ ಹತ್ತು ನಿಮಿಷ ಮುಲುಕಿ ಶುರುವಾಯಿತು. ತಿಲಗವತಿ ಡಿಸ್ಕಿನ ನಕ್ಷೆ ತೆರೆದಳು. ಮಾರಿದವನು ಸೋಮಾರಿ. ಐನೂರು ಜಿಬಿಯ ಡಿಸ್ಕಿನಲ್ಲಿ ಸಿ ಎಂದು ಐವತ್ತು, ಡಿ ಎಂದು ನೂರು ಕತ್ತರಿಸಿ, ಉಳಿದ ಮುನ್ನೂರೈವತ್ತನ್ನು ಹಾಗೇ ಬಿಟ್ಟಿದ್ದ. ಸಿ ಗಂಟಲವರೆಗೆ ತುಂಬಿತ್ತು. ಹತ್ತು ವರ್ಷ ಆ ಬಯಲು ಅಲ್ಲೇ ಇತ್ತು, ಯಾರೂ ಕಣ್ಣೆತ್ತಿ ನೋಡಿರಲಿಲ್ಲ.

ತಂಗವೇಲ್ ಪರದೆಯ ಮೇಲಿನ ಪಟ್ಟೆಗಳನ್ನು ನೋಡಿ ಏನೆಂದು ಕೇಳಿದರು. ಅವಳು ಹೊಲದ ಲೆಕ್ಕದಲ್ಲೇ ಹೇಳಿದಳು. ಇದು ತುಂಬಿರುವ ಹೊಲ, ಅದು ಬೀಳು, ನಡುವೆ ಈ ಡಿ ಅಡ್ಡ ಬಿದ್ದಿದೆ. ಅಡ್ಡ ಇರುವುದನ್ನು ದಾಟಿ ಉಳುವುದಕ್ಕೆ ಈ ಯಂತ್ರಕ್ಕೆ ಬರುವುದಿಲ್ಲ. ಪಕ್ಕದಲ್ಲೇ ಖಾಲಿ ಇದ್ದರೆ ಮಾತ್ರ ಸೇರಿಸಿಕೊಳ್ಳುತ್ತದೆ. ಅದಕ್ಕೆ ಡಿಯನ್ನು ಅಳಿಸಬೇಕು.

"ಪಟ್ಟಿ ಅದ್ರೊಳ್ಗೇ ತಾನೆ ಐತೆ" ಎಂದರು ತಂಗವೇಲ್. ದನಿ ಸಣ್ಣಗಾಗಿತ್ತು.

ತಿಲಗವತಿ ಪರದೆಯ ಕಡೆ ತಿರುಗಿದಳು. ಡಿಯಲ್ಲಿರುವುದನ್ನು ಮೊದಲು ಬೇರೆ ಡಿಸ್ಕಿಗೆ ಎತ್ತಿಟ್ಟು, ಸರಿ ನೋಡಿ, ಆಮೇಲೆ ಅಳಿಸಿ, ಜಾಗ ಸೇರಿಸಿ, ಡಿಯನ್ನು ಮತ್ತೆ ಕಟ್ಟಿ ಎಲ್ಲವನ್ನೂ ವಾಪಸು ತರಬೇಕು. ಅವಳು ನೂರು ಸಲ ಮಾಡಿದ ಕೆಲಸ. ಈಗ ಮೊದಲ ಮೆಟ್ಟಿಲನ್ನು ಬಿಟ್ಟು ಡಿಯ ಮೇಲೆ ಮೌಸ್ ಒತ್ತಿದಳು. ಇದರಲ್ಲಿರುವುದೆಲ್ಲ ಹೋಗುತ್ತದೆ, ಸರಿಯೇ ಎಂದು ಪೆಟ್ಟಿಗೆಯೊಂದು ಎದ್ದು ಕೇಳಿತು. ಮುದುಕರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವರು ಅವಳ ಮುಖ ನೋಡುತ್ತಿದ್ದರು. ಒಂದು ಬೆರಳು ಸಾಕಿತ್ತು. ಲಕ್ಷ್ಮಿಯಮ್ಮಾಳನ್ನೂ ಮೂಟೆ ಹೊರುವವರೇ ಹೊರಲಿ, ಈ ಮುದುಕ ಬಾಗಿಲಲ್ಲಿ ನಿಂತು ಬೀದಿ ನೋಡಲಿ. ಅವಳ ಎದೆಯಲ್ಲಿ ಸಂತೋಷವೇ ಎದ್ದಿತು, ಸುಳ್ಳೇಕೆ.

ಆದರೆ ಅದರ ಹಿಂದೆಯೇ ಇನ್ನೊಂದು ತಲೆಗೆ ಬಂತು. ಪಟ್ಟಿ ಹೋದರೆ ಇವರು ಏನು ಹೇಳುತ್ತಾರೆ? ಮಿಷನ್ ಕೆಟ್ಟುಹೋಯಿತು ಎನ್ನುತ್ತಾರೆ. ಪಾಪ, ಅವರೇನು ಮಾಡುತ್ತಾರೆ ಎಂದು ನಾಲ್ಕು ಊರಿನವರು ಅನುಕಂಪ ತೋರಿಸುತ್ತಾರೆ. ಮುದುಕರಿಗೆ ಅಷ್ಟು ಸಲೀಸಾದ ನೆಪವನ್ನು ತಾನೇ ಕೈಗಿಡುವುದೇ?

ಅವಳು ಬೇಡ ಎಂಬುದನ್ನು ಒತ್ತಿದಳು. ತನ್ನ ಡಿಸ್ಕನ್ನು ಸಿಕ್ಕಿಸಿ ಡಿಯಲ್ಲಿದ್ದದ್ದನ್ನೆಲ್ಲ ಅದಕ್ಕೆ ಎತ್ತಿದಳು. ಮನೆಪಟ್ಟಿಯನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದು ಪ್ರಿಂಟಿಗೆ ಕೊಟ್ಟಳು. ತಮಿಳು ಅಕ್ಷರದಲ್ಲಿ ಕನ್ನಡದ ಮನೆಹೆಸರುಗಳು ಒಂದೊಂದೇ ಹಾಳೆಯಾಗಿ ಹೊರಗೆ ಬಂದವು. ತಂಗವೇಲ್ ಕಣ್ಣಿಗೆ ಒತ್ತಿಕೊಳ್ಳಲು ಕೈ ಚಾಚಿದರು. ತಿಲಗವತಿ ಹಾಳೆಗಳನ್ನು ಕೊಡಲಿಲ್ಲ. ಏಳನೇ ಹಾಳೆ ತೆಗೆದು ಮೇಜಿನ ಮೇಲಿಟ್ಟು ಬೆರಳು ತೋರಿಸಿದಳು. ಇನ್ನೂರ ಹನ್ನೊಂದು. ಅದರ ಕೆಳಗೆ ಇನ್ನೂರ ಹದಿಮೂರು. ಸಾಲನ್ನು ತೆಗೆಸಿದವರು ನಂಬರುಗಳನ್ನು ತಿದ್ದಿಸುವ ಶ್ರಮ ತೆಗೆದುಕೊಂಡಿರಲಿಲ್ಲ.

ತಂಗವೇಲ್ ಬಹಳ ಹೊತ್ತು ಆ ಎರಡು ನಂಬರುಗಳನ್ನೇ ನೋಡಿದರು. ಈಗಲೇ ಬರೆಸಿಬಿಡು, ಆ ಸಾಲನ್ನು ನಿನ್ನ ಕೈಯಿಂದಲೇ ಹಾಕು ಎಂದರು. ಆವತ್ತು ಊರಿನವರ ಒತ್ತಾಯ ಇತ್ತು ಎಂದರು. ತಾನೊಬ್ಬನೇ ಮಾಡಿದ್ದಲ್ಲ ಎಂದೂ ಸೇರಿಸಿದರು.

ಆಗ ತಿಲಗವತಿ ಮೊದಲ ಸಲ ಮನೆಯ ಮಾತಿಗೆ ಬಂದಳು.

"ಬರಿಯೋದು ಇರ್ಲಿ. ನಿಮ್ಮ ಮನೇಲಿ ಒಂದ್ ಸೇತಿ ನಿಂತೋಗೈತೆ. ಮೂರ್ ವರ್ಸದಿಂದ ನಿಂತೈತೆ. ಮೊದ್ಲು ಸತ್ತೋರ್ದು ಮೊದ್ಲು ಓಗ್ಬೇಕು. ಆಮೇಲೆ ನಿಮ್ಮ ಅಮ್ಮಂದು."

"ಈಗ್ಲಾ?"

"ಈಗ್ಲೇ. ಇಲ್ಲೇ ಕೂತು. ಒಂದ್ನೇ ಮನೆಯಿಂದ."

ತಂಗವೇಲ್ ಎದ್ದು ನಿಂತರು. ನಾನೂರು ಮನೆಗೆ ಏನೆಂದು ಹೇಳುವುದು, ಜನ ಉಗಿಯುವುದಿಲ್ಲವೇ ಎಂದರು. ಅವಳು ಹಾಳೆಗಳನ್ನು ಜೋಡಿಸಿ ಮೇಲೆ ಅಂಗೈ ಇಟ್ಟುಕೊಂಡಳು. ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಸೊಸೆ. ಅಜ್ಜಿಯ ಉಸಿರು ಬೇರೆ ಥರ ಆಗಿದೆ, ಹಾಲು ಕಟಬಾಯಲ್ಲಿ ಹೊರಗೆ ಬರುತ್ತಿದೆ, ಪಟ್ಟಿ ಸಿಕ್ಕಿತಾ ಎಂದು ಕೇಳುತ್ತಿದ್ದಳು. ತಂಗವೇಲ್ ಸಿಕ್ಕಿತು ಎಂದು ಹೇಳಿ ಫೋನನ್ನು ಕೈಯಲ್ಲೇ ಹಿಡಿದುಕೊಂಡು ನಿಂತರು. ತಿಲಗವತಿಗೆ ಕನಿಕರ ಬರಬೇಕಿತ್ತು. ಅವಳು ತನ್ನೊಳಗೆ ಹುಡುಕಿ ನೋಡಿದಳು, ಬರಲಿಲ್ಲ.

ಮುದುಕರು ಮತ್ತೆ ಸ್ಟೂಲಿನ ಮೇಲೆ ಕೂತರು. ಅವಳು ಮೊದಲ ಹಾಳೆಯನ್ನು ಅವರ ಮುಂದಿಟ್ಟು ಸ್ಪೀಕರ್ ಹಾಕಲು ಹೇಳಿದಳು. ಒಂದನೇ ಮನೆ ಕಂಬಂನ ಮಾದವನ್. ಎರಡು ಸಲ ನಂಬರು ತಪ್ಪಾಯಿತು. ಮೂರನೇ ಸಲ ರಿಂಗಾಯಿತು.

"ಏಳಿ ಅಣ್ಣಾ" ಎಂದಿತು ಆ ಕಡೆಯ ದನಿ. "ಅಮ್ಮನಾ?"

"ಅಮ್ಮ ಅಲ್ಲ ಮಾದವಾ. ಚಿನ್ನತಂಬಿ ಓಗ್ಬಿಟ್ಟ. ಸೇತಿ ಏಳ್ತಾ ಇವ್ನಿ."

"ಯಾವ ಚಿನ್ನತಂಬಿ?"

ತಂಗವೇಲ್ ತಿಲಗವತಿಯ ಕಡೆ ನೋಡಿದರು. ಅವಳು ಮುಖ ತಿರುಗಿಸಲಿಲ್ಲ.

"ಬೋಡಿ ಚಿನ್ನತಂಬಿ. ಇನ್ನೂರ ಅನ್ನೆರಡ್ನೇ ಮನೆ."

ಆ ಕಡೆ ಮಾದವನ್ ಅಯ್ಯೋ ಎಂದು, ಹೆಂಡತಿಯನ್ನು ಕೂಗಿ ಅಂಗಿ ಕೊಡಲು ಹೇಳಿದ್ದು ಕೇಳಿಸಿತು. ಆ ಮನೆಯಿಂದ ಬಂದ ಮಾತಿನ ಮೇಲೆ ಆ ಮನುಷ್ಯನಿಗೆ ಅನುಮಾನವೇ ಹುಟ್ಟಲಿಲ್ಲ. ಸೇತಿ ಬಂತು, ಹೊರಡಬೇಕು, ಅಷ್ಟೆ.

"ಎತ್ತೋದು ಎಷ್ಟ್ ಮಣಿಗೆ ಅಣ್ಣಾ? ಅತ್ತ್ ಗಂಟೆ ಬಸ್ ಇಡುದ್ರೆ ಮುಖ ನೋಡ್ಬೋದಾ?"

ಮಾದವನ್ ಅಣ್ಣಾ, ಅಣ್ಣಾ ಎಂದು ಕರೆಯುತ್ತಿದ್ದ. ಹೊರಗೆ ರಸ್ತೆಯಲ್ಲಿ ಏಲಕ್ಕಿ ಮೂಟೆಯ ಲಾರಿಯೊಂದು ಹಾರ್ನ್ ಹಾಕುತ್ತ ಹೋಯಿತು.

"ಎತ್ತಿ ಮೂರ್ ವರ್ಸ ಆಯ್ತಪ್ಪ" ಎಂದರು ಮುದುಕರು. "ನಾನು ಯಾರ್ಗೂ ಏಳ್ಲಿಲ್ಲೆ."

ಅಂಗಿ ಬೇಡ ಎಂದು ಮಾದವನ್ ಹೆಂಡತಿಗೆ ಹೇಳಿದ್ದು ಅಂಗಡಿಯಲ್ಲಿ ಕೇಳಿಸಿತು. ಆಮೇಲೆ ಫೋನ್ ಇಟ್ಟ.

ತಿಲಗವತಿ ಒಂದನೇ ಹೆಸರಿನ ಮುಂದೆ ಪೆನ್ಸಿಲಿನಿಂದ ಸಣ್ಣ ಗೀಟು ಎಳೆದು, ಎರಡನೆಯದರ ಕೆಳಗೆ ಬೆರಳಿಟ್ಟಳು.