ಮೇಲಿನ ಖಾನೆ

ಐಸ್ ತುಂಬಿದ ಥರ್ಮಾಸಿನಿಂದ ತೆಗೆದ ಕಿರುಬೆರಳಿನಷ್ಟು ಪ್ಲಾಸ್ಟಿಕ್ ಟ್ಯೂಬನ್ನು ಫ್ರೀಜರಿನಲ್ಲಿ ಎಲ್ಲಿಡಲಿ ಎಂದು ಹುಡುಕುತ್ತಿದ್ದ ಭಾಗ್ಯಶ್ರೀಗೆ ಐಸಿನ ನಡುವೆ ಒಂದು ಸ್ಟೀಲ್ ಡಬ್ಬಿ ಕಂಡಿತು. ಬೆಳಿಗ್ಗೆ ಕಲಬುರಗಿಯಲ್ಲಿ ಬಸ್ಸು ಹತ್ತಿದವಳು ಲಿಂಗಸುಗೂರು, ಮಸ್ಕಿ ದಾಟಿ ಸಿಂಧನೂರಿನ ಮನೆ ಸೇರುವಷ್ಟರಲ್ಲಿ ಹೊತ್ತು ಇಳಿದಿತ್ತು. ಇನ್ನೂ ಮುಖ ತೊಳೆದಿರಲಿಲ್ಲ. ರಾತ್ರಿ ಮತ್ತೆ ಬೆಂಗಳೂರಿನ ಬಸ್ಸು. ಅಲ್ಲಿಯವರೆಗೆ ಟ್ಯೂಬು ತಣ್ಣಗಿರಬೇಕು.

"ಆ ಡಬ್ಬಿ ಸರಿಸಬ್ಯಾಡ, ಹಾಜಿರಾಬೀದು ಅದು," ಅಡುಗೆಮನೆಯಿಂದ ತಾಯಿ ವೀರಭದ್ರಮ್ಮ ಕೂಗಿದಳು. "ನಿಂದು ಅದರ ಬಾಜೂಕ ಇಡು."

ಪಕ್ಕದ ಮನೆಯ ಹಾಜಿರಾಬೀ ಜಂಪರು ಹೊಲಿದು ಬದುಕುವವಳು. ಅವಳಲ್ಲಿ ಫ್ರಿಜ್ ಇರಲಿಲ್ಲ. ಸಕ್ಕರೆ ಕಾಯಿಲೆ ಸೂಜಿಯವರೆಗೆ ಬಂದಾಗಿನಿಂದ ಅವಳ ಇನ್ಸುಲಿನ್ ಬಾಟಲಿ ಈ ಫ್ರಿಜ್ಜಿನ ಬಾಗಿಲಲ್ಲೇ ಇರುತ್ತಿತ್ತು. ಭಾಗ್ಯಶ್ರೀ ಟ್ಯೂಬನ್ನು ಐಸಿನ ಮೇಲಿಟ್ಟು ಡಬ್ಬಿ ತೆಗೆದು ನೋಡಿದಳು. ಬಾಟಲಿ ಕಲ್ಲಾಗಿತ್ತು. ಗಾಜಿನ ಒಳಮೈಗೆ ರವೆಯಂಥ ಬಿಳಿ ಕಾಳು ಅಂಟಿಕೊಂಡಿದ್ದವು.

"ಅವ್ವಾ, ಇದು ಕೆಳಗ ಇರ್ತಿತ್ತಲ್ಲ?"

"ಇರ್ತಿತ್ತು. ಹ್ವಾದ ಸರ್ತಿ ನೀ ಬಂದ್ಹೋದಾಗಿಂದ ಮ್ಯಾಲ ಇಡಾಕತ್ತೀನಿ. ನೀನ ಹೇಳಿದ್ದಿಲ್ಲೇನ, ಮ್ಯಾಲಿನ ಖಾನೇದಾಗಿದ್ರನ ಔಷಧ ಕೆಡಂಗಿಲ್ಲಂತ?" ತಾಯಿ ಸೆರಗಿಗೆ ಕೈ ಒರೆಸುತ್ತ ಬಂದಳು. "ಎಳ್ಡು ಹೊತ್ತೂ ತಗದು, ಅಂಗೈಯಾಗ ಹಿಡಿದು ಕರಗಿಸಿ ಕೊಡ್ತೀನವ್ವ. ಬೆರಳು ಸೆಟೆದು ಹೋಗ್ತಾವ."

ಭಾಗ್ಯಶ್ರೀ ಹಾಗೆ ಹೇಳಿದ್ದು ತನ್ನ ಟ್ಯೂಬಿನ ಬಗ್ಗೆ. 'ಇದು ಬೆಚ್ಚಗಾದ್ರ ನನ್ನ ನಾಕು ವರ್ಷ ಹೋದಂಗ' ಎಂದಿದ್ದಳು. ಪ್ರೋಟೀನಿಗೆ ಪೆಪ್ಟೈಡಿನ ಸಣ್ಣ ಬಾಲವೊಂದನ್ನು ಜೋಡಿಸುವ ಕಿಣ್ವ ಕಲಬುರಗಿಯಲ್ಲಿ ಅವಳ ಪಿಎಚ್‌ಡಿ ಕೆಲಸ; ಟ್ಯೂಬಿನಲ್ಲಿದ್ದದ್ದು ಅದರ ಮಾದರಿ. ಬಾಲ ಸೇರಿದರೆ ಔಷಧ ಮೈಯಲ್ಲಿ ಹೆಚ್ಚು ದಿನ ನಿಲ್ಲಬಹುದೆಂಬ ಆಸೆ. ಆದರೆ ಜೋಡಿಸಿದ ಕಿಣ್ವವೇ ಅರೆಗಳಿಗೆ ಬಿಟ್ಟು ಅದೇ ಜಾಗದಲ್ಲಿ ಕತ್ತರಿಸಿಬಿಡುತ್ತಿತ್ತು. ಕಿಣ್ವದ ಒಂದೊಂದೇ ಕೊಂಡಿ ಬದಲಿಸಿ, ಸೋತು, ಮತ್ತೆ ಬದಲಿಸಿ, ಈಗ ಬೆಸುಗೆ ನಿಂತಂತೆ ಕಾಣುತ್ತಿತ್ತು. ನಿಂತಿದೆಯೋ ಇಲ್ಲವೋ ಹೇಳುವ ಯಂತ್ರ ಬೆಂಗಳೂರಿನಲ್ಲಿತ್ತು. ಹೋದ ಸಲ ಅದು ಇಲ್ಲ ಎಂದಿತ್ತು. ನಾಳೆ ಬೆಳಿಗ್ಗೆಯ ಸರದಿಗಾಗಿ ಅವಳು ಮೂರು ತಿಂಗಳು ಕಾದಿದ್ದಳು.

ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಹಾಜಿರಾಬೀ ಗೋಡೆ ಹಿಡಿದು ಒಳಗೆ ಬಂದಳು. ಭಾಗ್ಯಶ್ರೀಗೆ ಗುರುತೇ ಸಿಗಲಿಲ್ಲ, ಅಷ್ಟು ಸೊರಗಿದ್ದಳು. ಎಡಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಬಂದ್ಯಾ ಬೇಟಿ? ನಿನ್ನ ಹೊಲಿಗಿ ಎಲ್ಲಿಗೆ ಬಂತು?"

"ನಿಂತಂಗ ಕಾಣ್ತೈತಿ ಖಾಲಾ."

"ಹೊಲಿಯೋದೂ ತಾನ, ಬಿಚ್ಚೋದೂ ತಾನ. ಅಂಥ ಮಷೀನು ನನ್ನ ಹತ್ರ ಇದ್ರ ಗಿರಾಕಿ ಚಪ್ಲಿ ತಗೋತಿದ್ರು," ಎಂದು ನಕ್ಕು ಹಾಜಿರಾಬೀ ತಂಬಿಗೆ ಎತ್ತಿ ಗಟಗಟ ಪೂರ್ತಿ ನೀರು ಕುಡಿದಳು. "ವಾರಕ್ಕೊಂದ ಸೂಜಿ ಅಂತಿದ್ದೆಲ್ಲ, ನಾ ಇರೋದ್ರಾಗ ಬರ್ತೈತೇನ? ಈಗಂತೂ ಎಷ್ಟ್ ಚುಚ್ಚಿಕೊಂಡ್ರೂ ಹತ್ತವಲ್ದು. ಡಾಕ್ಟರು ಡೋಸ್ ಏರಿಸೇ ಏರಿಸ್ಯಾರ. ಬರಾಬರ್ ತಗೊಳ್ಳಾಕತ್ತೀಯೋ ಇಲ್ಲೋ ಅಂತ ನನಗ ಬೈತಾರ."

"ನಾ ಸಾಕ್ಷಿ ಬರ್ತೀನಿ ತಡಿ," ಎಂದ ವೀರಭದ್ರಮ್ಮ ಬಾಟಲಿಗಾಗಿ ಅಂಗೈ ಚಾಚಿದಳು.

ಭಾಗ್ಯಶ್ರೀ ಕೊಡಲಿಲ್ಲ. ನೋಯಿಸದ ಮಾತೊಂದನ್ನು ಹುಡುಕಿದಳು. "ಈ ಬಾಟ್ಲಿ ಕೆಟ್ಟೈತಿ. ಹೊಸಾದು ತರೋಣು."

"ಫ್ರಿಜ್‌ನ್ಯಾಗಿದ್ದದ್ದು ಹೆಂಗ ಕೆಡ್ತೈತಿ?" ಎಂದಳು ತಾಯಿ. "ಆತು, ಹೊಸಾದು ತಾ. ಅದನ್ನೂ ಮ್ಯಾಲ ಇಟ್ರಾತು."

ಇನ್ನು ಹೇಳದೆ ದಾರಿಯಿರಲಿಲ್ಲ. "ಅವ್ವಾ, ಇನ್ಸುಲಿನ್ ಐಸ್ ಆಗಬಾರ್ದು. ಐಸ್ ಆದ್ರ ಅದರ ಶಕ್ತಿ ಹೋಗ್ತೈತಿ. ಆಮ್ಯಾಲ ಕರಗಿಸಿದ್ರೂ ಬರಂಗಿಲ್ಲ. ನನ್ನ ಟ್ಯೂಬಿನ್ಯಾಗ ಗ್ಲಿಸರಿನ್ ಹಾಕೀವಿ, ಅದು ಗಟ್ಟಿಯಾಗಂಗಿಲ್ಲ. ನಾ ಅವತ್ತು ಬಿಡಿಸಿ ಹೇಳಬೇಕಿತ್ತು."

ವೀರಭದ್ರಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನು ಮರೆತಳು. "ಅಂದ್ರ ಮೂರು ತಿಂಗ್ಳು..." ಎಂದವಳ ಕಣ್ಣು ಹಾಜಿರಾಬೀಯ ಕಾಲಿಗೆ ಇಳಿಯಿತು.

"ಯಕ್ಕಾ, ಹಂಗ್ಯಾಕ ನಿಂತಿ?" ಹಾಜಿರಾಬೀ ಗೋಡೆ ಬಿಟ್ಟು ಅವಳ ತೋಳು ಹಿಡಿದಳು. "ಮಗಳ ಜೀವದಂಥ ಔಷಧ ಇಡೋ ಜಾಗದಾಗ ನಂದನ್ನೂ ಇಟ್ಟಿ. ಮತ್ತೇನ ಮಾಡ್ಬೇಕಿತ್ತು?"

ಭಾಗ್ಯಶ್ರೀ ಆಟೋ ಕರೆಯಲು ಹೊರಗೆ ಓಡಿದಳು.

ದವಾಖಾನೆಯಲ್ಲಿ ಬೆರಳು ಚುಚ್ಚಿದ ನರ್ಸು ಮೀಟರನ್ನು ಎರಡು ಸಲ ನೋಡಿದಳು. ಅದು ಅಂಕಿ ತೋರಿಸಲಿಲ್ಲ, 'ಹೈ' ಎಂದಷ್ಟೇ ಬರೆಯಿತು. ಸಲೈನು ಏರಿಸಿದರು. ಹೆಬ್ಬೆರಳಿನ ಬಟ್ಟೆ ಬಿಚ್ಚಿದ ಡಾಕ್ಟರು ಹಾಜಿರಾಬೀಗೆ ಕೇಳದಂತೆ ಭಾಗ್ಯಶ್ರೀಯನ್ನು ಪಕ್ಕಕ್ಕೆ ಕರೆದರು. "ಸಕ್ಕರಿ ಇಳಸಬೌದು. ಬೆರಳಿನ ಮಾತು ಎರಡು ದಿನ ನೋಡಿ ಹೇಳ್ತೀನಿ," ಎಂದರು. ಬೆಂಗಳೂರಿನ ಬಸ್ಸಿನ ಕಂಡಕ್ಟರು ಫೋನ್ ಮಾಡಿದಾಗ ಅವಳು ಮೆಡಿಕಲ್ ಅಂಗಡಿಯ ಮುಂದೆ ನಿಂತಿದ್ದಳು. "ಬರಂಗಿಲ್ರಿ," ಎಂದು ಇಟ್ಟುಬಿಟ್ಟಳು. ನಾಳೆಯ ಸರದಿ ತಪ್ಪಿತೆಂದು ಪಿಎಚ್‌ಡಿ ಗೈಡಿಗೆ ಹೇಗೆ ಬರೆಯಬೇಕೆಂದು ತೋಚಲಿಲ್ಲ. ತಾಯಿ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಹಾಜಿರಾಬೀಯ ಬ್ಯಾಂಡೇಜಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಭಾಗ್ಯಶ್ರೀ ಏನಾದರೂ ತಿನ್ನು ಎಂದರೆ ಬೇಡವೆಂದು ತಲೆ ಅಲ್ಲಾಡಿಸಿದಳು.

ಬೆಳಿಗ್ಗೆ ಹಾಜಿರಾಬೀಯ ಮಗ ಚಾಂದ್‌ಪಾಷಾ ಮುಕ್ಕುಂದದಿಂದ ಬಂದ ಮೇಲೆ ತಾಯಿ ಮಗಳು ಆಟೋ ಹಿಡಿದು ಮನೆಗೆ ಬಂದರು. ಭಾಗ್ಯಶ್ರೀ ಹೊಸ ಬಾಟಲಿಯನ್ನು ಫ್ರಿಜ್ಜಿನ ಬಾಗಿಲಲ್ಲಿಟ್ಟು, ಫ್ರೀಜರು ತೆರೆಯದೆ, ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು.

ಹೊರಗೆ ಬಂದಾಗ ವೀರಭದ್ರಮ್ಮ ತೆರೆದ ಫ್ರಿಜ್ಜಿನ ಮುಂದೆ ನಿಂತಿದ್ದಳು. ಕೈಯಲ್ಲಿ ನಿನ್ನೆ ಹೆಪ್ಪು ಹಾಕಿದ್ದ ಮೊಸರಿನ ಪಾತ್ರೆ. ಒಳಗಿನ ದೀಪ ಅವಳ ಮುಖದ ಮೇಲೆ ಬಿದ್ದಿತ್ತು. ಪಾತ್ರೆಯನ್ನು ಮೇಲಿನ ಖಾನೆಯತ್ತ ಒಯ್ದು, ಮತ್ತೆ ಕೆಳಗಿಳಿಸಿದಳು.

"ಭಾಗೀ," ಎಂದಳು, ತಿರುಗದೆ. "ಮೊಸರು ಎಲ್ಲಿಡ್ಲಿ?"