ನೀವೇ ಮಾಡಿ ಭಾವ

ಭಾವನವರು ಹಿತ್ತಲಿನಲ್ಲಿ ಈಜುಕೊಳ ಕಟ್ಟುತ್ತಾರಂತೆ, ಅದೂ ತಮ್ಮ ಕೈಯಾರೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಅವಳು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಮನಸಾರೆ ನಕ್ಕಳು. ನಗದೆ ಇನ್ನೇನು? ಆ ಮಹಾನುಭಾವರು ಕೈಹಾಕಿದ ಕೆಲಸ ಯಾವುದಾದರೂ ದಡ ಸೇರಿದ್ದುಂಟೆ? ತಾರಸಿಗೆಂದು ಕಟ್ಟಿದ ಮೆಟ್ಟಿಲು ಕಿಟಕಿಯ ಎತ್ತರಕ್ಕೆ ಬಂದು ನಿಂತುಬಿಟ್ಟಿತ್ತು. ಬೆಕ್ಕು ಬಿಟ್ಟರೆ ಅದನ್ನು ಹತ್ತುವವರಿರಲಿಲ್ಲ. ಗೇಟಿನ ಒಂದು ಭಾಗ ಹಸಿರು ಬಣ್ಣ, ಇನ್ನೊಂದು ಭಾಗ ತುಕ್ಕು. ರಿಪೇರಿಗೆಂದು ಬಿಚ್ಚಿದ ಸ್ಕೂಟರು ಗೋಣಿಚೀಲದಲ್ಲಿ ಬಿದ್ದಿತ್ತು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸುವಷ್ಟರಲ್ಲೇ ಪೀರಿಯಡ್ಡು ಮುಗಿದುಹೋಗುತ್ತಿತ್ತಂತೆ. ಬೀದಿಯವರು 'ಅರ್ಧಂಬರ್ಧ ಮೇಷ್ಟ್ರು' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ನಿವೃತ್ತರಾದ ಮೇಲೆ ಕೈಗೆ ಫೋನು ಬಂತು, ಫೋನಿನಲ್ಲಿ ಯಾರೋ ತನ್ನ ಕೊಳ ತಾನೇ ತೋಡಿಕೊಳ್ಳುವ ವಿಡಿಯೋ ಬಂತು, ತಲೆಗೆ ಹುಳ ಹೊಕ್ಕಿತು.

ನಗು ಇಳಿದ ಮೇಲೆ ಅವಳಿಗೆ ತನ್ನ ಕಸುಬು ನೆನಪಾಯಿತು. ನಾಲ್ಕಾರು ಲಾಡ್ಜುಗಳ, ಒಂದು ನರ್ಸಿಂಗ್ ಹೋಮಿನ ಹಾಸು ಹೊದಿಕೆಗಳನ್ನು ಒಗೆದು ಇಸ್ತ್ರಿ ಮಾಡಿಕೊಡುವುದು ಅವಳ ಕಸುಬು. ಒಗೆಯುವ ಮೆಷಿನ್ನು ಅವಳ ಪಾಲಿನ ಕೋಣೆಯಲ್ಲಿತ್ತು, ಒಣಹಾಕುವ ಹಗ್ಗಗಳು ಮಾತ್ರ ಹಿತ್ತಲಿನಲ್ಲಿ. ಅಣ್ಣತಮ್ಮಂದಿರಲ್ಲಿ ಮನೆ ಪಾಲಾದಾಗ ಹಿತ್ತಲು ಭಾವನಿಗೆ ಬಂದಿತ್ತು. ಯಾರೂ ಏನೂ ಅನ್ನದ್ದರಿಂದ ಅವಳು ಕಬ್ಬಿಣದ ಕಂಬ ನೆಟ್ಟು ಹಗ್ಗ ಕಟ್ಟಿಕೊಂಡಿದ್ದಳು. ಮನೆಯ ಮುಂದೆ ಎದುರು ಕಟ್ಟಡದ ನೆರಳು, ಬಿಸಿಲಿನ ಮುಖವೇ ಕಾಣದು. ತಾರಸಿಗೆ ಹೊತ್ತುಕೊಂಡು ಹೋಗೋಣವೆಂದರೆ ಮೆಟ್ಟಿಲಿನ ಕಥೆ ಆಗಲೇ ಹೇಳಿಯಾಯಿತು. ಹಿತ್ತಲು ಹೋಯಿತೆಂದರೆ ಕಸುಬೂ ಹೋದಂತೆಯೇ.

ಗಂಡನಿಗೆ ಹೇಳಿ ಪ್ರಯೋಜನವಿರಲಿಲ್ಲ. ಊರೂರು ಬಸ್ಸು ಓಡಿಸುವ ಆ ಶೂರ ಅಣ್ಣನ ಎದುರು ನಿಂತರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. 'ಭಾವ, ನನ್ನ ಹಗ್ಗ ಉಳಿಸಿಕೊಡಿ' ಎಂದು ಅವಳೇ ಕೇಳಬಹುದಿತ್ತು. ಆದರೆ ಒಂದು ಗೇಟಿಗೆ ಬಣ್ಣ ಬಳಿದು ಮುಗಿಸಲಾರದ ಮನುಷ್ಯನ ಮುಂದೆ ಕೈಯೊಡ್ಡುವುದೆ? ನೆನೆದರೇ ಅವಳ ಮೈ ಉರಿಯುತ್ತಿತ್ತು.

ಭಾನುವಾರ ಭಾವ ಎಲ್ಲರನ್ನೂ ಹಿತ್ತಲಿಗೆ ಕರೆದರು. ಸುದ್ದಿ ತಿಳಿದು ಕೊಳ ಕಟ್ಟುವ ಕಂಟ್ರಾಕ್ಟರನೂ ಬಂದಿದ್ದ. ಬೈಕಿನ ಕೀಲಿ ಬೆರಳಲ್ಲಿ ತಿರುಗಿಸುತ್ತ, ಒಣಗುತ್ತಿದ್ದ ಬೆಡ್‌ಶೀಟುಗಳನ್ನು ಭುಜದಿಂದ ಸರಿಸುತ್ತ ಟೇಪು ಎಳೆದ. "ಕೆಲಸ ನಂಗೆ ಬಿಡಿ ಸಾರ್," ಎಂದ. "ಮಳೆಗಾಲಕ್ಕೆ ಮುಂಚೆ ನೀರು ತುಂಬ್ಸಿ ಕೊಡ್ತೀನಿ. ನೀವೇ ಮಾಡ್ಕೋತೀನಿ ಅಂದ್ರೆ ಗುಂಡಿ ಆಗುತ್ತೆ, ಕೊಳ ಆಗಲ್ಲ."

"ಇವರ ಕೈಲಿ ಗುಂಡಿನೂ ಆಗಲ್ಲ ಬಿಡಿ," ಎಂದಳು ಭಾವನ ಹೆಂಡತಿ. ಇವಳು ಅಕ್ಕ ಎಂದು ಕರೆಯುತ್ತಿದ್ದ ಆ ಓರಗಿತ್ತಿಗೆ ಗಂಡನ ಮಾನ ಕಳೆಯುವುದೆಂದರೆ ದಿನದ ಕೆಲಸಗಳಲ್ಲಿ ಒಂದು.

ಭಾವ ಕತ್ತು ತುರಿಸಿಕೊಂಡರು. ಕಂಟ್ರಾಕ್ಟರನನ್ನು ನೋಡಿದರು, ತಮ್ಮನನ್ನು ನೋಡಿದರು, ಕೊನೆಗೆ ಇವಳ ಕಡೆ ತಿರುಗಿದರು. "ನೀನೇನಂತೀಯಮ್ಮ? ನೀನು ಹೇಳ್ಬೇಕು."

ಅವಳ ತಲೆ ಅಷ್ಟರಲ್ಲಿ ಚುರುಕಾಗಿ ಓಡಿತ್ತು. ಕಂಟ್ರಾಕ್ಟರ್ ಹಿಡಿದರೆ ಕೊಳ ಆಗಿಯೇ ತೀರುತ್ತದೆ. ಭಾವನ ಕೈಯಲ್ಲಿ ಬಿಟ್ಟರೆ? ಗೋಡೆಯ ಹತ್ತಿರ ಮೊಣಕಾಲುದ್ದ ಅಗೆದು, ಸೊಂಟ ಹಿಡಿದುಕೊಂಡು ಒಳಗೆ ಹೋಗಿ ಮಲಗುತ್ತಾರೆ. ಈಜುಕೊಳಕ್ಕೆ ಎಳ್ಳುನೀರು ಬಿಡಲು ಇದಕ್ಕಿಂತ ಸುಲಭದ ದಾರಿಯಿಲ್ಲ.

"ನೀವೇ ಮಾಡಿ ಭಾವ," ಎಂದಳು, ದನಿಯಲ್ಲಿ ಬೆಣ್ಣೆ ಸವರಿ. "ನಿಮ್ಮ ಕೈಲಾಗದ್ದು ಏನಿದೆ? ಗೋಡೆ ಕಡೆಯಿಂದ ಶುರು ಮಾಡಿ, ಅಲ್ಲಿ ಮಣ್ಣು ಮೆತ್ತಗಿದೆ."

ಎಲ್ಲರೂ ಅವಳತ್ತ ತಿರುಗಿದರು. ಭಾವನ ಮುಖ ಕೆಂಪೇರಿತು. ಪೆದ್ದು ಮುಂಡೇದು ನಂಬಿಯೇಬಿಟ್ಟಿತಲ್ಲ ಎಂದು ಅವಳು ಒಳಗೊಳಗೇ ಹಿಗ್ಗಿದಳು.

ಕೆಲಸ ಶುರುವಾಯಿತು. ಇಸ್ತ್ರಿ ಮೇಜಿನ ಮುಂದಿನ ಕಿಟಕಿ ಅವಳಿಗೆ ಪುಕ್ಕಟೆ ನಾಟಕದ ಸೀಟಾಯಿತು. ಭಾವ ಗೂಟ ಹೊಡೆದು ದಾರ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಗುದ್ದಲಿ ಹಿಡಿದ ಅಂಗೈ ಬೊಬ್ಬೆ ಎದ್ದು ಬಟ್ಟೆ ಸುತ್ತಿಕೊಂಡು ಬರುವುದು. ಮೂಲೆ ನೇರವಾಗಿಲ್ಲವೆಂದು ಅಗೆದದ್ದನ್ನೇ ಮುಚ್ಚಿ ಇನ್ನೊಮ್ಮೆ ಅಗೆಯುವುದು. "ಏನ್ ಅಚ್ಚುಕಟ್ಟು ಭಾವ ನಿಮ್ಮ ಕೆಲಸ," ಎಂದು ಚಹಾ ಕೊಟ್ಟು ಬಂದು, ಕೋಣೆಯೊಳಗೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಇವತ್ತಲ್ಲ ನಾಳೆ ಗುದ್ದಲಿ ಮೂಲೆ ಸೇರುತ್ತದೆ ಎಂದುಕೊಳ್ಳುತ್ತಿದ್ದಳು.

ಗುದ್ದಲಿ ಮೂಲೆ ಸೇರಲಿಲ್ಲ. ಗುಂಡಿ ಸೊಂಟಕ್ಕೆ ಬಂತು, ಆಮೇಲೆ ಎದೆಗೆ ಬಂತು. ಮಣ್ಣಿನ ರಾಶಿಯ ಹಿಂದೆ ಭಾವನ ತಲೆ ಮಾತ್ರ ಕಾಣುವ ದಿನ ಅವಳು ನಗುವುದನ್ನು ನಿಲ್ಲಿಸಿದಳು. ಗೋಡೆಯ ಕಡೆ ಕಬ್ಬಿಣದ ಸರಳು ಹೆಣೆದು ನಿಂತಿತು. ಹೆಣಿಗೆ ಎಲ್ಲೂ ಸೊಟ್ಟಗಿರಲಿಲ್ಲ. ಗುಂಡಿಯ ಅಂಚು ಒಂದೊಂದೇ ಗುದ್ದಲಿಯಷ್ಟು ಅವಳ ಕಂಬಗಳತ್ತ ಸರಿಯುತ್ತಿತ್ತು. ಬೆಡ್‌ಶೀಟುಗಳ ಮೇಲೆ ಮಣ್ಣಿನ ಧೂಳು ಕೂತು ಎರಡೆರಡು ಸಲ ಒಗೆಯಬೇಕಾಯಿತು. ಜೀವಮಾನವಿಡೀ ಕೈಕೊಟ್ಟ ಮನುಷ್ಯ ಈಗಲೇ ಯಾಕೆ ಕೈಕೊಡುತ್ತಿಲ್ಲ ಎಂದು ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು.

ಒಂದು ಬೆಳಗ್ಗೆ ಭಾವ ಅವಳ ಬಾಗಿಲಿಗೆ ಬಂದರು. ಒಳಗೆ ಮಡಚಿಟ್ಟ ಬಿಳಿ ಬಟ್ಟೆಗಳನ್ನು ನೋಡಿ, ಮಣ್ಣಿನ ಕಾಲು ಎಂದು ಹೊಸ್ತಿಲಾಚೆಯೇ ನಿಂತರು.

"ಕಂಬದ ಹತ್ರ ಬಂದಿದೀನಮ್ಮ. ಇವತ್ತು ಕೀಳ್ಬೇಕು. ನಿನ್ನ ಬಟ್ಟೆಗೆ ಜಾಗ ಎಲ್ಲಿ ನೋಡ್ಕೊಂಡೆ?"

"ಜಾಗನಾ?" ಎಂದಳು ಅವಳು.

"ಅವತ್ತು ಎಲ್ಲರನ್ನ ಕರೆಸಿದ್ದೇ ನಿನ್ನ ಕೇಳೋಕೆ. ಅದು ನಿನ್ನ ಹೊಟ್ಟೆಪಾಡಿನ ಜಾಗ, ನೀನು ಬೇಡ ಅಂದ್ರೆ ಅಲ್ಲಿಗೇ ಬಿಟ್ಬಿಡೋದು ಅಂತ ನಿಮ್ಮಕ್ಕನಿಗೂ ಹೇಳಿದ್ದೆ. ನೋಡಿದ್ರೆ ನೀನೇ 'ಮಾಡಿ' ಅಂದೆ. ಸರಿ, ಏನೋ ಏರ್ಪಾಡು ಮಾಡ್ಕೊಂಡಿದಾಳೆ ಅಂದ್ಕೊಂಡೆ." ಭಾವ ಅಂಗೈಗೆ ಸುತ್ತಿದ್ದ ಬಟ್ಟೆಯನ್ನು ಬಿಗಿ ಮಾಡಿಕೊಂಡರು. "ನನ್ನ ಕೈಲಾಗುತ್ತೆ ಅಂತ ಇದುವರೆಗೆ ಯಾರೂ ಅಂದಿರ್ಲಿಲ್ಲಮ್ಮ. ಸುಸ್ತಾದಾಗೆಲ್ಲ ಅದೇ ನೆನಪಾಗ್ತಿತ್ತು."

ಅವಳು ಈಗಲೂ ಹೇಳಬಹುದಿತ್ತು. ಆದರೆ ಹೇಳುವುದು ಏನನ್ನು? ನೀವು ಮುಗಿಸುವುದಿಲ್ಲ ಎಂಬ ಧೈರ್ಯದಿಂದ 'ಮಾಡಿ' ಅಂದೆ ಎಂದೇ? ಒಂದು ಮಾತು, ಬೇಡ ಎಂಬ ಒಂದೇ ಮಾತು ಸಾಕಿತ್ತು. ಅದನ್ನು ಕೇಳಿಸಿಕೊಳ್ಳುವಷ್ಟು ಯೋಗ್ಯತೆ ಈ ಮನುಷ್ಯನಿಗೆ ಇದೆಯೆಂದು ಅವಳಿಗೆ ಅನ್ನಿಸಿರಲಿಲ್ಲ. ಇಷ್ಟು ದಿನ ಕಿಟಕಿಯಾಚೆ ಎಸೆದ ತಾತ್ಸಾರವೆಲ್ಲ ಈಗ ತನ್ನ ಮೇಲೆಯೇ ಬಂದು ಬಿದ್ದಂತಾಗಿ ಅವಳಿಗೆ ತಲೆಯೆತ್ತಲಾಗಲಿಲ್ಲ.

"ಎಲ್ಲಾದ್ರೂ ನೋಡ್ಕೋತೀನಿ ಭಾವ," ಎಂದಳು.

"ಹಾಗಾದ್ರೆ ಬಾ, ಸ್ವಲ್ಪ ಕಂಬ ಹಿಡ್ಕೋ. ಕೆಳಗೆ ಬಿದ್ರೆ ಬಗ್ಗಿಬಿಡುತ್ತೆ."

ಹಗ್ಗಗಳನ್ನು ಅವಳೇ ಬಿಚ್ಚಿದಳು. ಆಮೇಲೆ ಎರಡೂ ಕೈಯಿಂದ ಕಂಬ ಹಿಡಿದು ನಿಂತಳು. ಭಾವ ಮಂಡಿಯೂರಿ ಬುಡದ ಮಣ್ಣು ಬಿಡಿಸತೊಡಗಿದರು. ಕಂಬ ಪೂರ್ತಿ ಮೇಲೆ ಬರುವವರೆಗೂ ಕೈ ನಿಲ್ಲಿಸಲಿಲ್ಲ.