ಅಯಾಜ್ ಅಂದದ್ದು ಇಷ್ಟೇನಾ

೧

ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟು ಓವನ್ನಿನಿಂದ ಶುರುವಾಗಿತ್ತು. ಕೆಂಪಗೆ ಕಾದ ಕಂಬಿ, ಚಟಪಟ ಸಿಡಿಯುವ ಬೆಣ್ಣೆ, ನಿಂಬೆಯ ಘಮ. ಓದಿದವರ ಬಾಯಲ್ಲಿ ನೀರೂರಬೇಕು ಅನ್ನುವುದು ನನ್ನ ಹುನ್ನಾರ. ಈ ಕಥೆಯನ್ನು ನನಗೆ ಹೇಳಿದ ನುಜಹತಳಿಗೆ ಓದಿ ಹೇಳಿದೆ. ಕೇಳಿಸಿಕೊಂಡು ಅಂದಳು:

"ಬಾಯಿ ಕಳಕೊಂಡಾವನ ಕಥಿರಿ ಇದು. ಮಂದಿ ಬಾಯಾಗ ನೀರು ಯಾಕ ತರಸ್ತೀರಿ?"

ಹರಿದು ಹಾಕಿದೆ. ಎರಡನೆಯ ಡ್ರಾಫ್ಟಿನಲ್ಲಿ ಯಾರಿಗೂ ಗುರುತು ಸಿಗದಿರಲಿ ಎಂದು ಅವರ ಇಡೀ ಮನೆಯನ್ನು ಹಾನಗಲ್ಲಿಗೆ ಸಾಗಿಸಿದೆ. "ಹಾನಗಲ್ಲಾಗ ನಮ್ಮವರು ಯಾರೂ ಇಲ್ಲ" ಎಂದಳು. ಆದ್ದರಿಂದ ಓದುಗರೇ, ಇದು ಸವಣೂರು. (ಅವರ ಮನೆಮಾತು ಉರ್ದು. ಅವಳು ನನಗೆ ಕನ್ನಡದಲ್ಲಿ ಹೇಳಿದಳು. ನಾನು ಹಾಗೇ ಬರೆದುಕೊಂಡೆ.)

೨

ಅಯಾಜ್ ನುಜಹತಳ ತಮ್ಮ. ಗೋವಾದ ಹೋಟೆಲೊಂದರಲ್ಲಿ ಉಳ್ಳಾಗಡ್ಡಿ ಸುಲಿಯಲು ಸೇರಿದವನು, ಬರಬರುತ್ತ ಅಲ್ಲಿನ ರೋಸ್ಟ್ ಚಿಕನ್ನಿಗೆ ಅವನೇ ಕೈ ಹಚ್ಚಬೇಕು ಅನ್ನುವಷ್ಟಾದ. ಗಲ್ಲದೊಳಗೆ ಸದಾ ಗುಟ್ಕಾ ಇರುತ್ತಿತ್ತು. ಆಮೇಲೆ ಅದೇ ಜಾಗದಲ್ಲಿ ಹುಣ್ಣು ಬಂತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ದವಡೆಯ ಒಂದು ಭಾಗ, ನಾಲಿಗೆಯ ಒಂದು ಭಾಗ ಹೋದವು. ರೋಗ ಹೋಗಲಿಲ್ಲ, ಗಂಟಲಿಗೆ ಇಳಿಯಿತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಮೂಗಿನ ನಳಿಕೆಯಲ್ಲಿ ಹಾಲು, ತಿಳಿ ಗಂಜಿ. ಬಾಯಿಂದ ಏನೂ ಕೊಡಬೇಡಿ, ಕೊಟ್ಟರೆ ಉಸಿರಿನ ಕೊಳವೆಗೆ ಇಳಿದು ಅಲ್ಲಿಗೇ ಮುಗಿಯುತ್ತದೆ ಎಂದು ಎಚ್ಚರಿಸಿದ್ದರು.

ನುಜಹತ ಶಿಗ್ಗಾಂವಿಯ ಗಂಡನ ಮನೆಯಿಂದ ಬಂದು ತಮ್ಮನ ಮಂಚದ ಪಕ್ಕ ಕೂತಳು. ಅವನ ಬಾಯಿಂದ ಹೊರಡುತ್ತಿದ್ದುದು ಒದ್ದೆ ಗೊಗ್ಗರು ದನಿ. ಅದರಲ್ಲಿ ಮಾತನ್ನು ಹೆಕ್ಕಲು ಅವಳೊಬ್ಬಳಿಗೇ ಬರುತ್ತಿತ್ತು. ಗಾದಿ ಹೊಲಿಯುವ ಅಪ್ಪ ಪೀರಸಾಬರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, "ಏನಂತಾನವಾ?" ಅವಳು ಹೇಳುತ್ತಿದ್ದಳು: ದಿಂಬು ಸರಿ ಮಾಡು ಅಂತಾನ. ಫ್ಯಾನ್ ಬಂದ್ ಮಾಡು ಅಂತಾನ. ತಂದೆ ಮಗನ ನಡುವೆ ಓಡಾಡುತ್ತಿದ್ದ ಮಾತೆಲ್ಲ ಅವಳನ್ನು ದಾಟಿಯೇ ಹೋಗಬೇಕಿತ್ತು.

೩

ಒಂದು ಶುಕ್ರವಾರ ಅಯಾಜ್ ಕೋಳಿ ಮಾಡಿಸು ಎಂದ.

"ಯಾರಿಗೋ?"

"ನಂಗ. ವಾಸನಿ ತೊಗೊಳ್ಳಾಕ."

ಗೋವಾದಿಂದ ಬರುವಾಗ ಅವನೊಂದು ಸಣ್ಣ ಓವನ್ ತಂದಿದ್ದ. ಅದು ಚಾದರ ಹೊದ್ದು ಮಂಚದ ಕೆಳಗೇ ಕೂತಿತ್ತು. ನುಜಹತ ಅದನ್ನು ಎಳೆದು ಒರೆಸಿದಳು. ಅಂಗಡಿಯವನು ರೂಢಿಯ ಮೇಲೆ ಕೋಳಿಯ ಚರ್ಮ ಕೀಳಹೋದಾಗ ಅವನ ಕೈ ತಡೆದು, ಇಡಿಯಾಗಿ, ಚರ್ಮ ಸಮೇತ ತಂದಳು. ಹೋಟೆಲಿನಲ್ಲಿ ಹಾಕುತ್ತಿದ್ದ ರೋಸ್‌ಮೆರಿ ಸೊಪ್ಪು ಇಲ್ಲೆಲ್ಲಿ ಸಿಗಬೇಕು? ಪಕ್ಕದ ಮನೆಯ ಅನ್ನವ್ವ ಕುಂಡದ ದೊಡ್ಡಪತ್ರೆ ಕಿತ್ತು ಕೊಟ್ಟಳು. ಅಯಾಜ್ ಮಂಚದಿಂದಲೇ ಹೇಳಿಕೊಟ್ಟ. ಬೆಣ್ಣೆಗೆ ಬೆಳ್ಳುಳ್ಳಿ, ಪುದೀನ, ದೊಡ್ಡಪತ್ರೆ ಕೂಡಿಸಿ ಚರ್ಮದ ಕೆಳಗೆ ಬೆರಳು ತೂರಿಸಿ ಸವರು. ಹೊಟ್ಟೆಯೊಳಗೆ ನಿಂಬೆ ಹೋಳು, ಕಿತ್ತಳೆ ಸಿಪ್ಪೆ. ಅವಸರ ಬ್ಯಾಡ.

ಅವಳು ಅವನ ಮುಂದೆಯೇ ನೆಲದ ಮೇಲೆ ಕೂತು ಮಾಡಿದಳು. ಅವನು ತಪ್ಪು ತೆಗೆದ, ಬೈದ. ಬಹಳ ದಿನಗಳ ಮೇಲೆ ಅವನು ರೋಗಿಯಂತಲ್ಲದೆ ಅಡುಗೆಯವನಂತೆ ಮಾತಾಡುತ್ತಿದ್ದಾನೆ ಅನ್ನಿಸಿ ಅವಳಿಗೆ ಬೈಸಿಕೊಳ್ಳುವುದೇ ಸುಖವಾಯಿತು.

(ಇಲ್ಲಿ ಕರೆಂಟು ತೆಗೆದುಬಿಡೋಣ ಎಂದುಕೊಂಡಿದ್ದೆ, ಸಸ್ಪೆನ್ಸಿಗೆ. "ಅವತ್ತು ಕರೆಂಟ್ ಹೋಗಲಿಲ್ಲರಿ" ಎಂದಳು. ಇಂಥ ಪಾತ್ರಗಳನ್ನು ಕಟ್ಟಿಕೊಂಡು ಕಥೆ ಬರೆಯಬಾರದು.)

೪

ನಮಾಜು ಮುಗಿಸಿ ಪೀರಸಾಬರು ಬರುವಷ್ಟರಲ್ಲಿ ಮನೆಯೆಲ್ಲ ಘಮಗುಡುತ್ತಿತ್ತು. ಕೋಳಿ ಜೇನಿನ ಬಣ್ಣಕ್ಕೆ ತಿರುಗಿತ್ತು. ನುಜಹತ ಟ್ರೇಯನ್ನು ತಮ್ಮನ ಮುಖದ ಹತ್ತಿರ ಹಿಡಿದಳು. ಅವನು ಕಣ್ಣು ಮುಚ್ಚಿದ. ನಳಿಕೆ ಇಲ್ಲದ ಒಂದೇ ಹೊಳ್ಳೆಯಲ್ಲಿ ವಾಸನೆ ಎಳೆದುಕೊಂಡ. ಆಮೇಲೆ ಕಣ್ಣು ಬಿಟ್ಟು ಅಕ್ಕನ ಕಡೆ ತಿರುಗಿ ಮಾತಾಡತೊಡಗಿದ. ನಿಲ್ಲಿಸಿ ನಿಲ್ಲಿಸಿ, ದಮ್ಮು ತೆಗೆದುಕೊಂಡು, ಬಹಳ ಹೊತ್ತು.

"ಆಪಾ, ತೊಡಿದೊಂದು ತುಂಡು ನನ್ನ ಬಾಯಾಗ ಹಾಕು. ಅದು ಎಲ್ಲಿ ಇಳಿತೈತಿ ನಂಗ ಗೊತ್ತೈತಿ. ಇಳೀಲಿ. ಹಿಂಗ ಮೂಗಿಲೆ ಹಾಲು ಕುಡದು ಎಷ್ಟು ದಿನ ಮಲಗಲಿ? ನೀ ಒಬ್ಬಾಕೀನ ಹೊರಬ್ಯಾಡ. ಅಬ್ಬಾನ್ನ ಕೇಳು. ಅವರು ಹೂಂ ಅಂದ್ರ ಹಾಕು, ಬ್ಯಾಡಂದ್ರ ಬಿಡು. ಆದ್ರ ಕೇಳು."

ಪೀರಸಾಬರು ಟೋಪಿ ತೆಗೆದು ಹತ್ತಿರ ಬಂದರು. "ಏನಂತಾನವಾ?"

ನುಜಹತ ಟ್ರೇ ಕೆಳಗಿಟ್ಟಳು.

"ವಾಸನಿ ಭಾಳ ಚಲೋ ಬಂದೈತಿ ಅಂತಾನ, ಅಬ್ಬಾ."

ಮುದುಕನ ಮುಖ ಅರಳಿತು. "ಹೌದೇನೋ ಬೇಟಾ?" ಎಂದು ಮಗನ ತಲೆ ಸವರಿದರು. ಅವನಿಗೆ ಖುಷಿಯಾಗಲೆಂದು ಅಲ್ಲೇ ಕೂತು, ತೊಡೆಯ ತುಂಡೊಂದನ್ನು ಮುರಿದುಕೊಂಡು ಅವನೆದುರಿಗೇ ತಿಂದರು. "ನಿನ್ನ ಕೈ ರುಚಿನ ಐತಿ" ಎಂದರು. ಅಯಾಜ್ ಅಕ್ಕನನ್ನು ನೋಡಿದ. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ ಅನ್ನುತ್ತಾಳೆ ನುಜಹತ. ಅವನು ಗುರುತಿಲ್ಲದವರನ್ನು ನೋಡುವಂತೆ ನೋಡಿ ಗೋಡೆಗೆ ಮುಖ ತಿರುಗಿಸಿದ.

೫

ಇಲ್ಲಿಂದ ನನಗೂ ಅವಳಿಗೂ ಜಗಳ.

ಅಂತ್ಯ ಒಂದು: ಅಂದು ಸಂಜೆಯೇ ಅಯಾಜ್ ನೆಮ್ಮದಿಯಿಂದ ಕಣ್ಣು ಮುಚ್ಚುತ್ತಾನೆ. ಚೊಕ್ಕ, ಓದುಗರೂ ಕಣ್ಣೊರೆಸಿಕೊಳ್ಳುತ್ತಾರೆ. "ಬಕ್ರೀದ್ ದಾಟಿದ ಮ್ಯಾಲೂ ಇದ್ದರಿ ಅಂವ" ಎಂದಳು. "ನೆಮ್ಮದಿ ಎಲ್ಲಿದು? ನೋವಿಗೆ ದಿಂಬು ಕೈಲೆ ಹಿಂಡತಿದ್ದ."

ಅಂತ್ಯ ಎರಡು: ಅಪ್ಪ ಹೊರಹೋದ ಮೇಲೆ ಅವಳು ಒಂದೇ ಹನಿ ರಸ ಅವನ ನಾಲಿಗೆಗೆ ಸವರುತ್ತಾಳೆ. ಇದನ್ನೂ ಅವಳಿಗೆ ಓದಿ ಹೇಳಿದೆ.

"ಸವರಾಕ ಹೋದೆ. ಅಂವ ಬಾಯಿ ತೆರೀಲಿಲ್ಲ."

ಅಂತ್ಯ ಮೂರು: ಅವಳು ಅಪ್ಪನಿಗೆ ಅಂದೇ ನಿಜ ಹೇಳುತ್ತಾಳೆ. "ಯಾಕೆ ಹೇಳಲಿಲ್ಲ?" ಎಂದು ಕೇಳಿಯೂಬಿಟ್ಟೆ.

"ಅಬ್ಬಾ ಬ್ಯಾಡ ಅಂದಿದ್ರ ಅಯಾಜ್ ಅವರ ಮ್ಯಾಲೆ ಸಿಟ್ಟಾಗಿ ಸಾಯತಿದ್ದ. ಹೂಂ ಅಂದಿದ್ರ? ನಿಮ್ಮ ಕೈಯಾಗ ಪೆನ್ ಐತಿ. ನನ್ನ ಕೈಯಾಗ ಆ ತುಂಡು ಇರತಿತ್ತು."

ಮೂರೂ ಅಂತ್ಯಗಳನ್ನು ಹೊಡೆದು ಹಾಕಿದೆ. ಆದದ್ದು ಇಷ್ಟು: ಆ ಮಧ್ಯಾಹ್ನದ ನಂತರ ಅಯಾಜ್ ಒಂದು ಮಾತೂ ಆಡಲಿಲ್ಲ. ಅಪ್ಪ ಕೇಳಿದರೂ ಇಲ್ಲ, ಅಕ್ಕ ಕಾಲು ಹಿಡಿದರೂ ಇಲ್ಲ. ಒಂದು ಬೆಳಿಗ್ಗೆ ಅವಳು ನಳಿಕೆಗೆ ಹಾಕಲು ಹಾಲು ಆರಿಸುತ್ತಿದ್ದಾಗ ಹೋಗಿಬಿಟ್ಟ. ಹಾಲು ಇನ್ನೂ ಬೆಚ್ಚಗಿತ್ತು.

೬

ಪೀರಸಾಬರು ಮಾತಾಡಿಸಲು ಬಂದವರಿಗೆಲ್ಲ ಹೇಳುತ್ತಿದ್ದರು. ಮಗ ಕಡೆಗೆ ಆಡಿದ್ದು ಖುಷಿಯ ಮಾತು, ವಾಸನೆ ಚಲೋ ಬಂದೈತಿ ಅಂದ. ಹಿರೇಕೆರೂರಿನಿಂದ ಬಂದ ನೆಂಟರಿಗೂ ಅದೇ. ಹೇಳಿ ಹೇಳಿ ಅವರಿಗೇ ಏನೋ ತೊಡಕಿದಂತಾಗಿರಬೇಕು. ನಾನು ಈ ಕಥೆಯ ಕೊನೆಯ ಪುಟ ಹಿಡಿದುಕೊಂಡು ಹೋದ ದಿನ, ಗಾದಿಯ ಅಂಚಿಗೆ ಸೂಜಿ ಹಾಕುತ್ತಿದ್ದವರು ಕೈ ನಿಲ್ಲಿಸಿದರು.

"ನುಜಹತ, ಅವತ್ತು ಅಂವ ಭಾಳ ಹೊತ್ತು ಮಾತಾಡಿದ. ನಾ ನೋಡಕೋತ ನಿಂತಿದ್ದೆ. ಅಷ್ಟು ಉದ್ದ ಮಾತು, ವಾಸನಿ ಚಲೋ ಬಂದೈತಿ ಅನ್ನೂದಷ್ಟನ ಆಗತೈತೇನು?"

ನಾನು ಪೆನ್ನಿನ ಮುಚ್ಚಳ ತೆಗೆದೆ. ಯಾವ ಲೇಖಕ ತೆಗೆಯುವುದಿಲ್ಲ? ನುಜಹತ ನನ್ನ ಕಡೆ ತಿರುಗಿದಳು.

"ನೀವು ಸ್ವಲ್ಪ ಹೊರಗ ನಿಂದರ್ರಿ."

ಹೊರಗೆ ಬಂದೆ. ಓದುಗರೇ, ನೀವೂ ಬನ್ನಿ, ಒಳಗೆ ನಮಗೆ ಕೆಲಸವಿಲ್ಲ. ಬಾಗಿಲು ಹಾಕಿಕೊಂಡಿತು. ಅನ್ನವ್ವ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು. ಒಳಗೆ ನುಜಹತಳ ದನಿ ಸಣ್ಣಗೆ ಶುರುವಾಗಿ ನಿಂತಿತು. ಅವಳು ಯಾವ ಮಾತು ಆಡಿದಳೋ, ನಿಜವನ್ನೋ ಮತ್ತೊಂದು ತರ್ಜುಮೆಯನ್ನೋ, ನನಗೆ ಗೊತ್ತಿಲ್ಲ. ಊಹಿಸಿ ಬರೆಯಲು ಈ ಸಲ ಧೈರ್ಯವಾಗಲಿಲ್ಲ.

ಆಮೇಲೆ ಪೀರಸಾಬರ ದನಿ ಸ್ಪಷ್ಟವಾಗಿ ಕೇಳಿಸಿತು.

"ಇನ್ನೊಮ್ಮೆ ಹೇಳು."